ಖುಡ್ರಿಗೆಂದು ಕಟ್ಟಿದ ರಾಡ್

"ಯಾವ ಹೊಳೆ? ಯಾವ ಮೀನು? ಯಾರ ಕೈ?"

ಫ್ಲೈ ಫಿಶಿಂಗ್ ರಾಡನ್ನು ಕೈಯಿಂದ ಕಟ್ಟಿಕೊಡುವವರು ಮೊದಲು ಕೇಳುವುದು ಈ ಮೂರನ್ನು. ಉತ್ತರ ಸಿಗುವತನಕ ಅವರು ಕತ್ತರಿ ಮುಟ್ಟುವುದಿಲ್ಲ. ಪುಣೆಯ ಯೆರವಡಾದಲ್ಲಿ ಫ್ಲ್ಯಾಟಿನ ಬಾಲ್ಕನಿಯನ್ನೇ ಕಮ್ಮಟ ಮಾಡಿಕೊಂಡಿರುವ ನಮ್ಮ ಧಾರವಾಡ ಕಡೆಯ ಗೆಳೆಯರು ನನ್ನನ್ನೂ ಅದನ್ನೇ ಕೇಳಿದರು. ವಾರವಿಡೀ ಅವರಿಗೆ ಸಾಫ್ಟ್‌ವೇರ್ ಕೆಲಸ. ಬಿಡುವು ಸಿಕ್ಕರೆ ದಾರ, ಅಂಟು, ಕಾರ್ಕು. ಸಹ್ಯಾದ್ರಿಯ ಹೊಳೆಗಳು, ಖುಡ್ರಿ ಮಹಶೀರ್, ನನ್ನ ಕೈ ಎಂದೆ. ಮೊದಲಿನದಕ್ಕೂ ಕೊನೆಯದಕ್ಕೂ ತಲೆಯಾಡಿಸಿದವರು ನಡುವಿನದಕ್ಕೆ ನಕ್ಕುಬಿಟ್ಟರು. "ಖುಡ್ರಿ ಏನ್ರೀ? ಅದರ ತವರುಮನಿ ಇಲ್ಲೇ ಐತಿ, ಇದ ನದಿ. ಆದ್ರ ಈಗ ಇಲ್ಲಿ ಅದನ್ನ ಹುಡುಕಬ್ಯಾಡ್ರಿ."

ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಮುಳಾ ಮತ್ತು ಮುಠಾ ನದಿಗಳು ಪುಣೆಯ ಸಂಗಮದಲ್ಲಿ ಕೂಡಿ, ಬಂಡ್ ಗಾರ್ಡನ್ ಎದುರು ಯೆರವಡಾವನ್ನು ಬಳಸಿಕೊಂಡು ಪೂರ್ವಕ್ಕೆ ಹೊರಳುತ್ತವೆ. ಬಾಂಬೆ ಸೈನ್ಯದ ಅಧಿಕಾರಿ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ 19ನೇ ಶತಮಾನದ ಮೊದಲರ್ಧದಲ್ಲಿ ದಖ್ಖನ್ನಿನ ಅಂಕಿಅಂಶ ಕಲೆಹಾಕುತ್ತ ಊರೂರು ತಿರುಗಿದವನು. ಹಕ್ಕಿ, ಪ್ರಾಣಿ, ಬೆಳೆ, ಜನ ಎಲ್ಲವನ್ನೂ ದಾಖಲಿಸಿದ ಅವನು ಮೀನುಗಳನ್ನೂ ಬಿಡಲಿಲ್ಲ. ಪುಣೆಯ ಪೂರ್ವಕ್ಕೆ ಇದೇ ಮುಳಾ-ಮುಠಾದಲ್ಲಿ ಸಿಕ್ಕ ದೊಡ್ಡ ಹುರುಪೆಯ ಮೀನೊಂದಕ್ಕೆ 1839ರಲ್ಲಿ ಬಾರ್ಬಸ್ ಖುಡ್ರಿ ಎಂದು ಹೆಸರಿಟ್ಟ. ಇಂದು ಜಗತ್ತಿನ ವಿಜ್ಞಾನಿಗಳು ಟಾರ್ ಖುಡ್ರಿ ಎಂದು ಕರೆಯುವ, ಗಾಳದವರು ನೀಲಿ ರೆಕ್ಕೆಯ ಮಹಶೀರ್ ಎನ್ನುವ ಮೀನು ಅದೇ.

ಹೀಗೆ ಖುಡ್ರಿಯ ತವರಿನ ದಂಡೆಯಲ್ಲೇ ಖುಡ್ರಿಗೆಂದು ಒಂದು ರಾಡ್ ತಯಾರಾಯಿತು. ಅದನ್ನು ಪರೀಕ್ಷಿಸುತ್ತ ಹೋದಾಗ ಎದುರಾದದ್ದು ರಾಡಿಗಿಂತ ದೊಡ್ಡ ವಿಷಯ.

ಗಾಳಕ್ಕಲ್ಲ, ದಾರಕ್ಕೆ ತೂಕ

ನಮ್ಮಲ್ಲಿ ಗಾಳ ಹಾಕಿ ಬೆಳೆದವರಿಗೆ ಫ್ಲೈ ಫಿಶಿಂಗ್ ಮೊದಲ ನೋಟಕ್ಕೆ ಹುಚ್ಚಾಟದಂತೆ ಕಾಣುತ್ತದೆ. ತುಂಗಭದ್ರೆಯ ಮಡುವಿಗೋ ಕಾವೇರಿಯ ಸುಳಿಗೋ ಗಾಳ ಎಸೆಯುವಾಗ ಕೊನೆಯಲ್ಲಿ ಸೀಸದ ಗುಂಡು, ರಾಗಿ ಮುದ್ದೆಯ ಉಂಡೆ, ಎರೆಹುಳು ಹೀಗೆ ಏನಾದರೊಂದು ಭಾರ ಇರುತ್ತದೆ. ಆ ಭಾರ ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಇದು ತಲೆಕೆಳಗು. ಕೊಕ್ಕೆಗೆ ಗರಿ, ಕೂದಲು, ದಾರ ಸುತ್ತಿ ಮಾಡಿದ ಹುಳುವಿನ ಸೋಗಿಗೆ, ಅಂದರೆ ಫ್ಲೈಗೆ, ತೂಕವೇ ಇಲ್ಲ. ಹಾಗಾಗಿ ತೂಕವನ್ನು ದಾರಕ್ಕೇ ತುಂಬಿರುತ್ತಾರೆ. ಪ್ಲಾಸ್ಟಿಕ್ ಹೊದಿಕೆಯ ದಪ್ಪ ಲೈನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ರಾಡನ್ನು ಬಗ್ಗಿಸುತ್ತದೆ. ರಾಡ್ ನೆಟ್ಟಗಾಗುವಾಗ ಲೈನು ಚಿಮ್ಮುತ್ತದೆ. ಹಗುರಾದ ಫ್ಲೈ ಅದರ ಬಾಲ ಹಿಡಿದು ಹೋಗಿ ನೀರಿನ ಮೇಲೆ ಕೂರುತ್ತದೆ. ಉಳುಮೆಯ ಹೊಲದಲ್ಲಿ ಬಾರುಕೋಲು ಬೀಸಿದವರಿಗೆ ಇದರ ಮರ್ಮ ಬೇಗ ಹತ್ತುತ್ತದೆ. ಕೋಲಿನಲ್ಲಿ ಕೈಯ ಬಲ, ಬಾರಿನಲ್ಲಿ ಅದರ ಓಟ.

ಲೈನಿನ ತೂಕಕ್ಕೆ ಲೆಕ್ಕವಿದೆ. ಅದರ ಮೊದಲ 30 ಅಡಿಯನ್ನು ತೂಗಿ ನಂಬರ್ ಕೊಡುತ್ತಾರೆ. 5ನೇ ನಂಬರಿನದು 140 ಗ್ರೇನ್, 7ನೆಯದು 185, 8ನೆಯದು 210. 185 ಗ್ರೇನ್ ಅಂದರೆ ಸರಿಸುಮಾರು 12 ಗ್ರಾಂ. ಲೈನಿನ ನಂಬರಿಗೆ ತಕ್ಕ ನಂಬರಿನ ರಾಡ್ ಬೇಕು. ರಾಡಿನ ಬಲ ಹೆಚ್ಚಾಗಿ ಲೈನು ಹಗುರಾದರೆ ರಾಡ್ ಬಗ್ಗುವುದೇ ಇಲ್ಲ. ಲೈನು ಭಾರವಾದರೆ ರಾಡ್ ಸೋತು ಜೋಲುತ್ತದೆ.

ಈ ಆಯ್ಕೆಯಲ್ಲಿ ಮೀನಿನ ಹಿತವೂ ಅಡಗಿದೆ. ಮಹಶೀರ್ ಗಾಳ ಕಚ್ಚಿದ ಕೂಡಲೇ ಪ್ರವಾಹದ ಜೊತೆ ಒಂದೇ ಉಸಿರಿಗೆ ಓಡುವ ಮೀನು. ದವಡೆಯಲ್ಲಿ ಹಲ್ಲಿಲ್ಲ, ಆದರೆ ಗಂಟಲೊಳಗಿನ ಹಲ್ಲುಗಳು ಬಸವನಹುಳುವಿನ ಚಿಪ್ಪನ್ನೂ ಪುಡಿ ಮಾಡಬಲ್ಲವು. ಅಂಥ ಮೀನಿಗೆ ತೀರಾ ನಾಜೂಕಿನ ರಾಡ್ ಹಿಡಿದರೆ ಜಗ್ಗಾಟ ಲಂಬಿಸುತ್ತದೆ, ಮೀನು ದಣಿದು ಹೈರಾಣಾಗುತ್ತದೆ. ಕಾವೇರಿಯಲ್ಲಿ ನೀಲಿ ರೆಕ್ಕೆಯ ಮಹಶೀರ್‌ಗಳನ್ನು ಹಿಡಿದು ಬಿಟ್ಟು ನಡೆಸಿದ ಅಧ್ಯಯನವೂ ಜಗ್ಗಾಟ ಉದ್ದವಾದಷ್ಟೂ ಮೀನು ಹೆಚ್ಚು ಬಳಲುತ್ತದೆ ಎಂದಿದೆ. ಹಿಡಿದ ಮೀನನ್ನು ಜೀವಂತ ಬಿಡುವುದಾದರೆ ಬಲವಾದ ರಾಡೇ ಕರುಣೆಯ ರಾಡ್. ಅಲ್ಲಿಗೆ 9 ಅಡಿ ಉದ್ದದ, ನಾಲ್ಕು ತುಂಡಿನ, 7ನೇ ನಂಬರಿನ ರಾಡ್ ಎಂದು ನಿಶ್ಚಯವಾಯಿತು.

ಬಾಲ್ಕನಿಯ ಕಮ್ಮಟ

ಕಸ್ಟಮ್ ರಾಡ್ ಎಂದರೆ ಸೊನ್ನೆಯಿಂದ ಮಾಡಿದ್ದು ಎಂದುಕೊಳ್ಳಬೇಡಿ. ಬ್ಲ್ಯಾಂಕ್ ಎನ್ನುವ ಬರಿಯ ಕಡ್ಡಿ ಕಾರ್ಖಾನೆಯಿಂದಲೇ ಬರುತ್ತದೆ. ರಾಳ ಸವರಿದ ಕಾರ್ಬನ್ ಫೈಬರ್ ಹಾಳೆಯನ್ನು ಚೂಪಾದ ಉಕ್ಕಿನ ಸಲಾಕೆಗೆ ಸುತ್ತಿ, ಕುಲುಮೆಯಲ್ಲಿ ಬೇಯಿಸಿ, ಸಲಾಕೆ ಎಳೆದು ತೆಗೆದರೆ ಟೊಳ್ಳು ಕಡ್ಡಿ ಉಳಿಯುತ್ತದೆ. ಕಟ್ಟುವವನ ಕೆಲಸ ಶುರುವಾಗುವುದು ಅಲ್ಲಿಂದ.

ಮೊದಲ ಕೆಲಸ ಕಡ್ಡಿಯ ಬೆನ್ನೆಲುಬು ಹುಡುಕುವುದು. ಹಾಳೆಯ ಅಂಚು ಒಂದರ ಮೇಲೊಂದು ಕೂತ ಕಡೆ ಕಡ್ಡಿ ಕೊಂಚ ಗಡಸು. ನೆಲಕ್ಕೆ ತುದಿಯೂರಿ, ಅಂಗೈಯಿಂದ ಒತ್ತಿ ಹೊರಳಿಸಿದರೆ ಅದು ತಾನಾಗಿ ಒಂದು ಮಗ್ಗುಲಿಗೆ ಬಂದು ನಿಲ್ಲುತ್ತದೆ. ಗೆಳೆಯರು ಅಲ್ಲೊಂದು ಸೀಮೆಸುಣ್ಣದ ಗೆರೆ ಎಳೆದರು. ನಾಲ್ಕೂ ತುಂಡಿಗೆ ನಾಲ್ಕು ಗೆರೆ.

ಆಮೇಲೆ ಹಿಡಿ. ಕಾರ್ಕ್ ಓಕ್ ಮರದ ತೊಗಟೆಯನ್ನು ಪೋರ್ಚುಗಲ್ಲಿನಲ್ಲಿ ಒಂಬತ್ತು ವರ್ಷಕ್ಕೊಮ್ಮೆ ಸುಲಿಯುತ್ತಾರೆ, ಮರ ಸಾಯುವುದಿಲ್ಲ. ಆ ತೊಗಟೆಯ ಬಿಲ್ಲೆಗಳನ್ನು ಎಪಾಕ್ಸಿ ಅಂಟಿನಿಂದ ಸಾಲಾಗಿ ಕೂಡಿಸಿ, ತಿರುಗುವ ಲೇತಿಗೆ ಹಾಕಿ ಮರಳುಕಾಗದದಿಂದ ತೀಡಬೇಕು. ಅಂಗಡಿಯ ರಾಡುಗಳ ಹಿಡಿ ನನ್ನ ಕೈಗೆ ಯಾವಾಗಲೂ ದಪ್ಪ. ಬಿಗಿದು ಹಿಡಿದೂ ಹಿಡಿದೂ ಮುಂಗೈ ನೋಯುತ್ತಿತ್ತು. ಗೆಳೆಯರು ಒದ್ದೆ ಜೇಡಿಯ ಮುದ್ದೆಯೊಂದನ್ನು ನನ್ನ ಕೈಯಲ್ಲಿ ಹಿಸುಕಿಸಿ, ಬೆರಳಿನ ಗುರುತು ನೋಡಿ, ಹೆಬ್ಬೆರಳು ಕೂರುವ ಕಡೆ ಕಾರ್ಕನ್ನು ಒಂದು ನೂಲಿನಷ್ಟು ತಗ್ಗಿಸಿದರು. ರೀಲ್ ಕೂರುವ ಜಾಗಕ್ಕೆ ಹಳೆಯ ಮಂಚದ ಕಾಲಿನಿಂದ ಕತ್ತರಿಸಿದ ಬೀಟೆಯ ತುಂಡು.

ಕೊನೆಗೆ ಗೈಡ್‌ಗಳು, ಅಂದರೆ ಲೈನು ಹಾಯುವ ತಂತಿಯ ಕುಣಿಕೆಗಳು. ಅಡಿಗೊಂದು, ತುದಿಗೊಂದು ಎಂಬುದು ಹಳೆಯ ಲೆಕ್ಕ. ಆದರೆ ಎಲ್ಲಿ ಎಂಬುದನ್ನು ಆ ಕಡ್ಡಿಯನ್ನೇ ಕೇಳಬೇಕು. ಗೆಳೆಯರು ಗೈಡ್‌ಗಳನ್ನು ಸಣ್ಣ ರಬ್ಬರ್ ಬಳೆಗಳಲ್ಲಿ ಸಿಗಿಸಿ, ಲೈನು ಪೋಣಿಸಿ, ಅದರ ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿದರು. ನಾನು ಹಿಡಿ ಹಿಡಿದು ಎಳೆದೆ. ರಾಡ್ ಕಮಾನಾಯಿತು. ಎರಡು ಗೈಡ್‌ಗಳ ನಡುವೆ ಲೈನು ಕಡ್ಡಿಯ ಬಾಗಿಗೆ ಹೊಂದದೆ ಕೋನ ಮಾಡಿದ ಕಡೆಯಲ್ಲೆಲ್ಲ ಅವರು ರಬ್ಬರ್ ಬಳೆಯನ್ನು ಕೂದಲೆಳೆಯಷ್ಟು ಸರಿಸುತ್ತ ಹೋದರು. ಲೈನೂ ಕಡ್ಡಿಯೂ ಒಂದೇ ಬಾಗಿನಲ್ಲಿ ಬಂದಾಗ ಗುರುತು ಹಾಕಿದರು. ಕಾರ್ಖಾನೆಯಲ್ಲಿ ಒಂದು ಮಾದರಿಗೆ ಒಂದೇ ಅಳತೆ. ಇಲ್ಲಿ ಈ ಕಡ್ಡಿಗೆ ಈ ಅಳತೆ. ಗುರುತಿನ ಮೇಲೆ ನೈಲಾನ್ ದಾರದ ಒತ್ತು ಸುತ್ತು, ಅದರ ಮೇಲೆ ಎಪಾಕ್ಸಿಯ ಲೇಪ. ಲೇಪ ಒಂದೆಡೆ ಇಳಿದು ಗಡ್ಡೆ ಕಟ್ಟದಂತೆ ಸಣ್ಣ ಮೋಟಾರು ರಾಡನ್ನು ರಾತ್ರಿಯಿಡೀ ನಿಧಾನವಾಗಿ ತಿರುಗಿಸುತ್ತಿತ್ತು.

ಈ ಕಸುಬಿನಲ್ಲಿ ನಮ್ಮ ನೆಲದ ಪಾಲು ಚಿಕ್ಕದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಈಸ್ಟನ್ನಿನಲ್ಲಿ ಬಂದೂಕು ತಯಾರಿಸುತ್ತಿದ್ದ ಸ್ಯಾಮ್ಯುಯೆಲ್ ಫಿಲಿಪ್ಪಿ 1840ರ ದಶಕದಲ್ಲಿ ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿಸಿ ರಾಡ್ ಕಟ್ಟಿದ. ಆ ಕಾಲದ ರಾಡುಗಳಿಗೆ ಹೋಗುತ್ತಿದ್ದ ಬಿದಿರು ಕಲ್ಕತ್ತದಿಂದ ಹಡಗೇರಿದ್ದು. ಅದರ ಹೆಸರೇ ಕಲ್ಕತ್ತಾ ಕೇನ್. ಮುಂದೆ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಟಾಂಕಿನ್ ಬಿದಿರು ಅದರ ಜಾಗ ಹಿಡಿಯಿತು. ಎರಡನೇ ಮಹಾಯುದ್ಧದ ನಂತರ ಗಾಜಿನ ನಾರು, 1970ರ ದಶಕದಲ್ಲಿ ಕಾರ್ಬನ್ ಬಂದವು. ಫ್ಲೈ ಕಟ್ಟುವವರು ಜಗತ್ತಿನಾದ್ಯಂತ ಹಂಬಲಿಸಿದ ಗರಿಯೂ ನಮ್ಮದೇ: ಪಶ್ಚಿಮಘಟ್ಟದ ಬೂದು ಕಾಡುಕೋಳಿ ಹುಂಜನ ಕೊರಳಿನದು, ಅರಗಿನ ಬೊಟ್ಟು ಇಟ್ಟಂತೆ ಹೊಳೆಯುವಂಥದ್ದು. ಆ ಮೋಹಕ್ಕೆ ಎಷ್ಟು ಹುಂಜಗಳು ಬಲಿಯಾದವೋ! ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಹಕ್ಕಿಯನ್ನು ಕಾಯುತ್ತಿದೆ. ನನ್ನ ಫ್ಲೈಗಳಿಗೆ ಗೆಳೆಯರು ಸುತ್ತಿದ್ದು ಊರಕೋಳಿಯ ಗರಿ ಮತ್ತು ಹೊಲಿಗೆ ಅಂಗಡಿಯ ಉಣ್ಣೆ.

ಹುಲ್ಲಿನ ಮೇಲೆ ಮೊದಲ ವರಸೆ

ಹೊಸ ರಾಡನ್ನು ನೀರಿಗೆ ಮೊದಲು ಹುಲ್ಲಿನ ಮೇಲೆ ನೋಡಬೇಕು. ಕೊಕ್ಕೆಯ ಬದಲು ಕೆಂಪು ಉಣ್ಣೆಯ ಎಳೆ ಕಟ್ಟಿ ಯೆರವಡಾದ ಬಯಲೊಂದಕ್ಕೆ ಬೆಳಗ್ಗೆಯೇ ಹೋದೆವು. ಮೊದಲು ತಲೆಯೆತ್ತಿ ವಿದ್ಯುತ್ ತಂತಿ ಇದೆಯೇ ಎಂದು ನೋಡಿದ್ದಾಯಿತು. ಕಾರ್ಬನ್ ಒಳ್ಳೆಯ ವಿದ್ಯುತ್ ವಾಹಕ. ತಂತಿಯ ಕೆಳಗೆ ಒಂಬತ್ತಡಿಯ ಕಾರ್ಬನ್ ಕಡ್ಡಿ ಬೀಸುವುದು ಸಾವನ್ನು ಕರೆದಂತೆ. ಬೆಳಗಿನ ನಡಿಗೆಗೆ ಬಂದ ಅಜ್ಜನೊಬ್ಬರು ನಿಂತು, "ಕಾಯ್ ಪಕಡ್ತಾಯ್?" ಅಂದರು. ಏನೂ ಹಿಡಿಯುತ್ತಿಲ್ಲ, ರಾಡ್ ನೋಡುತ್ತಿದ್ದೇವೆ ಎಂದರೆ ಅವರಿಗೆ ನಂಬಿಕೆ ಬರಲಿಲ್ಲ.

ಮೂವತ್ತು ಅಡಿಯವರೆಗೆ ಎಲ್ಲ ಸಲೀಸು. ಹಿಂದಕ್ಕೆ ಬೀಸಿ, ಲೈನು ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಮುಂದಕ್ಕೆ ತಳ್ಳಿ, ತಟ್ಟನೆ ನಿಲ್ಲಿಸಬೇಕು. ಆ ನಿಲ್ಲಿಸುವುದರಲ್ಲೇ ವಿದ್ಯೆಯೆಲ್ಲ ಇದೆ. ರಾಡ್ ನಿಂತಾಗ ಲೈನು ಮಲಗಿಸಿದ ಕುಣಿಕೆಯಂತೆ ಮಡಚಿ ಮುಂದೆ ಉರುಳುತ್ತದೆ. ಕುಣಿಕೆ ಕಿರಿದಾದಷ್ಟು ಗಾಳಿಯನ್ನು ಸೀಳಿ ಹೋಗುತ್ತದೆ. ಐವತ್ತು ಅಡಿ ದಾಟಿದಾಗ ಲೈನಿನ ಮೇಲಿನ ಎಳೆ ಕೆಳಗಿನದಕ್ಕೆ ತೊಡರಿ ಗಂಟು ಬೀಳತೊಡಗಿತು. ದೂರದ ಆಸೆಗೆ ಕೈ ಒಮ್ಮೆಲೇ ಜೋರು ಹಾಕಿದಾಗ ರಾಡಿನ ತುದಿ ನೇರ ದಾರಿ ಬಿಟ್ಟು ಕೆಳಗೆ ಅದ್ದುತ್ತದೆ, ಆಗ ಹೀಗಾಗುತ್ತದೆ. ಗೆಳೆಯರು ನನ್ನ ಮೊಣಕೈ ಹಿಡಿದು, "ತಳ್ಳಬ್ಯಾಡ್ರಿ, ಬಗ್ಗಲಿ ಬಿಡ್ರಿ, ಕೆಲಸ ಅದು ಮಾಡತೈತಿ" ಅಂದರು. ಬಲ ತಗ್ಗಿಸಿದಂತೆ ಉಣ್ಣೆಯ ಎಳೆ ದೂರ ಹೋಗತೊಡಗಿತು. ಅಂಗಡಿಯ ರಾಡಿನಲ್ಲಿ ಮೊದಲು ಸೋಲುತ್ತಿದ್ದ ಮುಂಗೈ ಈ ಸಲ ದೂರು ಹೇಳಲಿಲ್ಲ. ಕಾರ್ಕಿನ ಆ ತಗ್ಗು ಕೆಲಸ ಮಾಡಿತ್ತು.

ಅಲ್ಲಿಂದ ನದಿಯತ್ತ ನಡೆದೆವು. 1867ರಲ್ಲಿ ಕಟ್ಟಿದ ಫಿಟ್ಜ್‌ಜೆರಾಲ್ಡ್ ಸೇತುವೆಯ ಕಲ್ಲಿನ ಕಮಾನುಗಳು ಇಂದೂ ಗಟ್ಟಿ. ಪಕ್ಕದಲ್ಲೇ ಸರ್ ಜಮ್ಸೆಟ್‌ಜೀ ಜೀಜೀಭಾಯ್ ದಾನದಿಂದ ಎದ್ದ ಹಳೆಯ ಒಡ್ಡು. ಬಂಡ್ ಗಾರ್ಡನ್ ಎಂಬ ಹೆಸರು ಬಂದದ್ದು ಅದರಿಂದ. ಒಡ್ಡಿನ ಕೆಳಗೆ ಬಿಳಿ ನೊರೆ ಗುಡ್ಡೆಗಟ್ಟಿತ್ತು. ಅಂಚಿನಲ್ಲಿ ಜಲಕುಂಬಿ. ಸ್ವಲ್ಪ ಕೆಳಗೆ, ಸಲೀಂ ಅಲಿ ಹೆಸರಿನ ಪಕ್ಷಿಧಾಮದ ಕಡೆ, ನೀರಕ್ಕಿಗಳೇನೋ ಇದ್ದವು. ಆದರೆ ಮಹಶೀರ್ ಬೇಡುವುದು ಆಮ್ಲಜನಕ ತುಂಬಿದ, ಕಲ್ಲುಹಾಸಿನ ಮೇಲೆ ಓಡುವ ತಿಳಿನೀರು. ಮಹಾನಗರದ ಚರಂಡಿ ಹೊತ್ತ ನೀರಿನಲ್ಲಿ ಅದು ಬದುಕಲಾರದು. ಜಪಾನಿನ ಜೈಕಾ ಸಂಸ್ಥೆಯ ನೆರವಿನ, 990.26 ಕೋಟಿ ರೂಪಾಯಿಯ ಮಾಲಿನ್ಯ ತಡೆ ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. 2022ರ ಮಾರ್ಚ್ 6ರಂದು ಪ್ರಧಾನಿಯವರು ನದಿ ಪುನಶ್ಚೇತನ ಕಾಮಗಾರಿಗೆ ಶಂಕುಸ್ಥಾಪನೆ ಮಾಡಿದರು. ದಂಡೆ ಅಂದಗೊಳ್ಳುತ್ತಿದೆ. ನೀರು ತಿಳಿಯಾಗುವುದು ಬಾಕಿ ಇದೆ.

ಇದು ಪುಣೆಯವರ ಪಾಡು ಎಂದು ಕನ್ನಡದವರು ಕೈತೊಳೆದುಕೊಳ್ಳುವಂತಿಲ್ಲ. ಮುಳಾ-ಮುಠಾ ಮುಂದೆ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯ ದಾಟಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ರಾಯಚೂರು ಬಳಿ ಕೃಷ್ಣೆಗೆ ಕೂಡುತ್ತದೆ. ಯೆರವಡಾದಲ್ಲಿ ನದಿಗೆ ಬಿಟ್ಟದ್ದು ಗಾಣಗಾಪುರದ ದಾರಿಯಲ್ಲೇ ಇದೆ.

ಮಂಗಳೂರಿನಲ್ಲಿ ಅಚ್ಚಾದ ಗಾಳದ ಗ್ರಂಥ

ಭಾರತದಲ್ಲಿ ಗಾಳದ ಕ್ರೀಡೆಯ ಮೊದಲ ದೊಡ್ಡ ಪುಸ್ತಕ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ, 1873ರಲ್ಲಿ. 'ದ ರಾಡ್ ಇನ್ ಇಂಡಿಯಾ' ಬರೆದವನು ಮದ್ರಾಸ್ ಸಿವಿಲ್ ಸರ್ವಿಸಿನ ಹೆನ್ರಿ ಸಲಿವನ್ ಥಾಮಸ್. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದಾಗ ಅವನು ಹೊಳೆಗಳನ್ನು ಅಳೆದವನು. ಅದೇ ಗಾತ್ರದ ಸಾಲ್ಮನ್ನಿಗಿಂತ ಮಹಶೀರ್ ಜಗ್ಗಾಟದಲ್ಲಿ ಮೇಲು ಎಂದು ಯುರೋಪಿನವರಿಗೆ ಸಾರಿದವನೂ ಅವನೇ. ಆದರೆ ಬರಿಯ ಶೋಕಿಗಾರನಲ್ಲ. ಹೊಳೆಗೆ ವಿಷ ಹಾಕಿ ಹಿಡಿಯುವುದು, ಕಿರುಗಣ್ಣಿನ ಬಲೆಯಲ್ಲಿ ಮರಿಗಳನ್ನು ಬಾಚುವುದು ನಿಲ್ಲಬೇಕು ಎಂದು ಸರ್ಕಾರಕ್ಕೆ ಬರೆದ. ಇಂಥ ವಾದಗಳ ಬೆನ್ನಿಗೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ಹೊಳೆಗೆ ಸಿಡಿಮದ್ದು, ವಿಷ ಹಾಕುವುದು ಅಪರಾಧವಾಯಿತು. ಕಾಯ್ದೆ ಬಂದು ಶತಮಾನವಾಗುತ್ತ ಬಂದರೂ ಚಾಳಿ ಹೋಗಲಿಲ್ಲ. 1996ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲೆಯ ದೇವರ ಮೀನುಗಳಿಗೆ ವಿಷವಿಕ್ಕಿದರು. ಸತ್ತ ಮೀನುಗಳ ನೆನಪಿಗೆ ಊರಿನವರು ಸ್ಮಾರಕ ಕಟ್ಟಿದ್ದಾರೆ.

ಮೈಸೂರು ಸೀಮೆಯ ಕತೆ ಬೇರೆ. ಮೃಗಚರ್ಮ ಹದಮಾಡುವ ಕಸುಬಿನಿಂದ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿದ ಮಹಶೀರ್ ಹಿಡಿದ. ಗಾಳಕ್ಕೆ ಸಿಕ್ಕ ಅತಿ ದೊಡ್ಡ ಮಹಶೀರ್ ಎಂದು ಹೆಸರಾದದ್ದು ಅದೇ. ಅದು ಖುಡ್ರಿಯಲ್ಲ, ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಡುಬ್ಬದ ಮಹಶೀರ್. ಸ್ವಾತಂತ್ರ್ಯದ ನಂತರ ಆ ದೈತ್ಯ ಅಳಿದೇಹೋಯಿತೆಂದು ಹೊರಗಿನವರು ತಿಳಿದಿದ್ದರು. 1970ರ ದಶಕದ ಕೊನೆಗೆ ಇಂಗ್ಲೆಂಡಿನ ಗಾಳದವರ ತಂಡವೊಂದು ಕಾವೇರಿಗೆ ಬಂದು, ಮೀನು ಇದೆ ಎಂದು ತೋರಿಸಿತು. ಆಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಶಿಬಿರಗಳಿಗೆ ದೇಶವಿದೇಶದವರು ಬರತೊಡಗಿದರು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಬಿಟ್ಟುಬಿಡಬೇಕು ಎಂಬುದು ಅಲ್ಲಿನ ಕಟ್ಟಳೆ. ನದಿ ಬಲ್ಲ ಸ್ಥಳೀಯರು ಮಾರ್ಗದರ್ಶಕರಾದರು. ಅಭಯಾರಣ್ಯದಲ್ಲಿ ಗಾಳ ಹಾಕುವುದು ಕಾನೂನಿಗೆ ಹೊಂದದು ಎಂಬ ಕಾರಣಕ್ಕೆ 2012ರ ಹೊತ್ತಿಗೆ ಅದೆಲ್ಲ ನಿಂತಿತು. ನಿಲ್ಲುವ ಮುಂಚೆ ಆ ಶಿಬಿರಗಳು ಬಿಟ್ಟುಹೋದ ಆಸ್ತಿ ಒಂದಿದೆ: ಲೆಕ್ಕದ ಪುಸ್ತಕ.

ಲೋಣಾವಳದ ಮರಿ, ಕಾವೇರಿಯ ಮಡು

ಈಗ ಪುಣೆಯ ಮೀನು ಮತ್ತೆ ಕತೆಯೊಳಗೆ ಬರುತ್ತದೆ. ಪುಣೆಯಿಂದ ಮುಂಬೈ ಕಡೆ ಹೋಗುವಾಗ ಸಿಗುವ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ವಳವಣ ಕೆರೆಯಿದೆ. ಅಳಿಯುತ್ತಿದ್ದ ಮಹಶೀರ್ ಉಳಿಸಬೇಕೆಂದು 1970ರ ದಶಕದ ಆರಂಭದಿಂದ ಅಲ್ಲಿ ಸಿ.ವಿ. ಕುಲಕರ್ಣಿ, ಎಸ್.ಎನ್. ಓಗಲೆ ಮೊದಲಾದವರು ಖುಡ್ರಿಯ ಕೃತಕ ಸಂತಾನೋತ್ಪತ್ತಿ ಕೈಗೊಂಡರು. ಮೊಟ್ಟೆ ಹಿಂಡಿ, ಫಲ ಕೂಡಿಸಿ, ಮರಿ ಸಾಕಿ ಬೆಳೆಸುವ ವಿಧಾನವನ್ನು ಕೈವಶ ಮಾಡಿಕೊಂಡದ್ದು ದೊಡ್ಡ ಸಾಧನೆಯೇ. ಲಕ್ಷಗಟ್ಟಲೆ ಮರಿಗಳು ಬೇರೆ ಬೇರೆ ರಾಜ್ಯಗಳ ನದಿ, ಜಲಾಶಯಗಳಿಗೆ ಹೋದವು. ಹಾಗೆ ಮರಿ ಬಿಟ್ಟ ನದಿಗಳಲ್ಲಿ ನಮ್ಮ ಕಾವೇರಿಯೂ ಒಂದು.

ಮಹಶೀರ್ ಇರುವ ನದಿಗೆ ಮಹಶೀರ್ ಬಿಟ್ಟರೆ ತಪ್ಪೇನು ಎಂದೇ ಎಲ್ಲರೂ ಭಾವಿಸಿದ್ದರು. ಉತ್ತರ ಸಿಕ್ಕಿದ್ದು ಗಾಳಿಬೋರೆಯ ಲೆಕ್ಕದ ಪುಸ್ತಕದಲ್ಲಿ. ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತಿತರರು 1998ರಿಂದ 2012ರವರೆಗಿನ ದಾಖಲೆ ತೆಗೆದು ಕೂತರು. ಗಾಳದವರು 23 ಸಾವಿರಕ್ಕೂ ಹೆಚ್ಚು ಗಂಟೆ ನೀರಿನ ಬಳಿ ಕಳೆದು, ಆರು ಸಾವಿರಕ್ಕೂ ಹೆಚ್ಚು ಮಹಶೀರ್ ಹಿಡಿದು ಬಿಟ್ಟಿದ್ದರು. 2015ರಲ್ಲಿ ಪ್ರಕಟವಾದ ಅವರ ವಿಶ್ಲೇಷಣೆ ಹೇಳಿದ್ದಿಷ್ಟು: ಮೀನಿನ ಸಂಖ್ಯೆ ಏರಿದೆ, ಸರಾಸರಿ ತೂಕ ಇಳಿದಿದೆ. ಸಂಖ್ಯೆ ಏರಿದ್ದು ನೀಲಿ ರೆಕ್ಕೆಯ ಮೀನಿನದು. ಡುಬ್ಬದ ಮಹಶೀರ್ ಪುಸ್ತಕದ ಪುಟಗಳಿಂದ ಕಣ್ಮರೆಯಾಗುತ್ತ ಬಂದಿತ್ತು. ಮೇಲುನೋಟಕ್ಕೆ ತುಂಬಿದ ನದಿಯಲ್ಲಿ ಅಲ್ಲಿಯ ಮೂಲನಿವಾಸಿಯೇ ನಾಪತ್ತೆ.

ಇನ್ನೂ ಸೋಜಿಗವೆಂದರೆ, ಜಗತ್ತಿನ ಗಾಳದವರೆಲ್ಲ ಕನಸು ಕಂಡ ಆ ಡುಬ್ಬದ ಮೀನಿಗೆ ಅಲ್ಲಿಯವರೆಗೆ ಖಚಿತವಾದ ವೈಜ್ಞಾನಿಕ ಗುರುತೇ ಇರಲಿಲ್ಲ. ಬಹುಕಾಲ ಅದನ್ನು ಸೈಕ್ಸ್ 1839ರಲ್ಲೇ ಶಿರೂರಿನ ಘೋಡ್ ನದಿಯಿಂದ ವಿವರಿಸಿದ ಇನ್ನೊಂದು ಮೀನೆಂದು ತಪ್ಪಾಗಿ ಎಣಿಸಿದ್ದರು. 2018ರಲ್ಲಿ ಮೋಯಾರ್ ನದಿಯ ಮಾದರಿಗಳನ್ನು ಪರೀಕ್ಷಿಸಿ, ಅದು ಕೇರಳದ ಪಾಂಬಾರಿನಿಂದ ಮೊದಲೇ ವಿವರಿಸಿದ್ದ ಟಾರ್ ರೆಮಾದೇವಿ ಎಂದು ತೋರಿಸಿದರು. ಅದೇ ವರ್ಷ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಗುರುತಿನ ಚೀಟಿಯೂ ಮರಣಭೀತಿಯ ನೋಟಿಸೂ ಒಟ್ಟಿಗೇ ಬಂದವು.

ಖುಡ್ರಿಯೊಂದೇ ಇದಕ್ಕೆ ಹೊಣೆಯಲ್ಲ. ಅಣೆಕಟ್ಟು, ಮರಳುಗಣಿ, ಸಿಡಿಮದ್ದು, ಬೇಸಿಗೆಯಲ್ಲಿ ಬತ್ತುವ ಹರಿವು ಎಲ್ಲವೂ ಪಾಲುದಾರರು. ಆದರೆ ರಾಡ್ ಕಟ್ಟುವವನು ಒಂದು ಕಡ್ಡಿಗೆ ಗೈಡ್ ಕೂರಿಸುವ ಮುನ್ನ ರಬ್ಬರ್ ಬಳೆ ಸರಿಸಿ ಸರಿಸಿ ನೋಡುತ್ತಾನೆ. ದಾರ ಸುತ್ತಿ ಎಪಾಕ್ಸಿ ಹಾಕಿದ ಮೇಲೆ ಬದಲಾಯಿಸಲಾಗದು ಎಂಬ ಎಚ್ಚರ ಅವನಿಗಿದೆ. ಒಂದು ಇಡೀ ನದಿಗೆ ಬೇರೆ ಕೊಳ್ಳದ ಮೀನು ಬಿಡುವಾಗ ಆ ಎಚ್ಚರ ಯಾರಿಗೂ ಇರಲಿಲ್ಲ. ಬಿಟ್ಟ ಮೀನನ್ನು ವಾಪಸು ಕರೆಯಲು ಬರುವುದಿಲ್ಲ.

ಶಿರೂರಿನ ಹೊಂಡ

ರಾಡಿನ ನೀರಿನ ಪರೀಕ್ಷೆ ಬಾಕಿ ಉಳಿದಿತ್ತು. ಯೆರವಡಾದಿಂದ ಹೊರಡುವ ನಗರ್ ರಸ್ತೆ ನೇರ ಶಿರೂರಿಗೆ ಒಯ್ಯುತ್ತದೆ. ಅಲ್ಲಿ ಪರಿಚಿತ ರೈತರೊಬ್ಬರ ಕೃಷಿಹೊಂಡದಲ್ಲಿ ಗಾಳ ಹಾಕಲು ಅಪ್ಪಣೆ ಸಿಕ್ಕಿತು. ಸುತ್ತ ಕಬ್ಬು, ಈರುಳ್ಳಿ. ಆಚೆಗೆ ಘೋಡ್ ನದಿ.

ಕಂದುಬಣ್ಣದ ಸಣ್ಣ ಫ್ಲೈ ಕಟ್ಟಿ, ಹೊಂಡದ ಬಿಸಿಲು ಮಗ್ಗುಲಿಗೆ ಲೈನು ಇಳಿಸಿದೆ. ಅದು ಮುಳುಗುತ್ತಿದ್ದಂತೆ ಎಡಗೈಯಿಂದ ಗೇಣುಗೇಣಾಗಿ ಎಳೆಯುತ್ತ ಬಂದೆ. ತುದಿಯಲ್ಲಿ ಒಂದು ಕುಟುಕು, ಆಮೇಲೆ ಗಟ್ಟಿ ಜಗ್ಗು. ರಾಡ್ ಬಗ್ಗಿತು, ಬಾಗಿಲ ಚಿಲಕಕ್ಕೆ ಕಟ್ಟಿ ನೋಡಿದ ಅದೇ ಕಮಾನು, ಆದರೆ ಈಗ ಅದರೊಳಗೆ ಜೀವ ಮಿಡಿಯುತ್ತಿತ್ತು. ಮೀನು ವೃತ್ತ ಹಾಕಿತು, ಪಕ್ಕಕ್ಕೆ ವಾಲಿತು, ದಡಕ್ಕೆ ಬಂತು. ಬೂದುಹಸಿರು ಮೈ, ಬೆನ್ನ ಮೇಲೆ ಮುಳ್ಳಿನ ಸಾಲು. ನಮ್ಮ ಕಡೆ ಜಿಲೇಬಿ ಎನ್ನುವ ತಿಲಾಪಿಯಾ.

ಖುಡ್ರಿಗೆಂದು ಕಟ್ಟಿದ ರಾಡಿಗೆ ದಕ್ಕಿದ ಮೊದಲ ಮೀನು ಆಫ್ರಿಕದ್ದು. ಮೊಜಾಂಬಿಕ್ ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ, ಬಡವರ ತಟ್ಟೆಗೆ ಅಗ್ಗದ ಮೀನು ಸಿಗಲಿ ಎಂಬ ಸದುದ್ದೇಶದಿಂದ. ತಟ್ಟೆಗೆ ಬಂತು, ನಿಜ. ಜೊತೆಗೆ ಸಿಕ್ಕ ಸಿಕ್ಕ ಕೆರೆ, ಹೊಳೆ, ಜಲಾಶಯಗಳಲ್ಲಿ ಬೀಡುಬಿಟ್ಟು ಊರ ಮೀನುಗಳ ಜಾಗ ಆಕ್ರಮಿಸಿತು. ಬಾಯಲ್ಲೇ ಮೊಟ್ಟೆ, ಮರಿ ಕಾಯುವ, ಕೊಳಕು ನೀರಲ್ಲೂ ಬದುಕುವ ಮೀನದು. ಅದನ್ನು ಮರಳಿ ಬಿಡುವ ಗೋಜಿಗೆ ನಾವು ಹೋಗಲಿಲ್ಲ. ರೈತರ ಮನೆಯ ಸಾರಿಗೆ ಹೋಯಿತು.

ತೀರ್ಪು

ರಾಡ್ ಪಾಸಾಗಿದೆ. ಮೂವತ್ತರಿಂದ ಐವತ್ತು ಅಡಿಯ ನಡುವೆ ಅದು ಹೇಳಿದ ಕಡೆ ಫ್ಲೈ ಇಡುತ್ತದೆ. ಸಹ್ಯಾದ್ರಿಯ ಹೊಳೆಗಳಿಗೆ ಅಷ್ಟು ಸಾಕು. ಎದುರುಗಾಳಿಯಲ್ಲಿ ಉದ್ದ ಎಸೆತಕ್ಕೆ ಹಟ ಮಾಡುತ್ತದೆ. ಜಲಾಶಯದ ದಂಡೆಯಲ್ಲಿ ನಿಲ್ಲುವವರಿಗೆ 8ನೇ ನಂಬರಿನದೇ ಲೇಸು. ಕೈಯಳತೆಯ ಹಿಡಿಗೆ ತೆತ್ತ ಶ್ರಮ ಮಾತ್ರ ಒಂದು ಚೂರೂ ವ್ಯರ್ಥವಲ್ಲ. ಮುಂಗೈ ನೋವಿನಿಂದ ಈ ಹವ್ಯಾಸ ಬಿಟ್ಟವರು ಹೊಸ ರಾಡ್ ಕೊಳ್ಳುವ ಮುಂಚೆ ಹಿಡಿಯನ್ನಾದರೂ ತಮ್ಮ ಅಳತೆಗೆ ತೀಡಿಸಿ ನೋಡಲಿ.

ಗಾಳದ ಹೊಸಬರಿಗೆ ಒಂದೆರಡು ಮಾತು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ದೇವಸ್ಥಾನದ ಮತ್ಸ್ಯಧಾಮಗಳ ಹತ್ತಿರ ಗಾಳ ಬೇಡವೇ ಬೇಡ. ಶೃಂಗೇರಿ, ಶಿಶಿಲ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆ, ರಾಮನಾಥಪುರದ ಮೀನುಗಳು ಉಳಿದಿರುವುದೇ ಅಲ್ಲಿ ಯಾರೂ ಗಾಳ ಹಾಕದ್ದರಿಂದ. ಬೇರೆಡೆ ಕೆರೆ, ಹೊಳೆಯ ಹಕ್ಕುದಾರರ ಪರವಾನಗಿ ಪಡೆಯಿರಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಫೋಟೊಗೆಂದು ನೀರಿನಿಂದ ಎತ್ತಿ ಹಿಡಿಯಬೇಡಿ. ಸಿಕ್ಕ ಮೀನಿನ ಜಾತಿ, ಉದ್ದ, ಜಾಗ, ದಿನಾಂಕ ಬರೆದಿಡಿ. ಡುಬ್ಬದ ಮಹಶೀರ್ ಅಳಿಯುತ್ತಿದೆ ಎಂದು ಜಗತ್ತಿಗೆ ಗೊತ್ತಾದದ್ದು ಅಂಥ ಬರಹದಿಂದಲೇ.

ಗಾಳ ಹಾಕದವರಿಗೂ ಒಂದು ಕೋರಿಕೆ. ನಮ್ಮೂರುಗಳಲ್ಲಿ ನದಿಗೆ, ಕೆರೆಗೆ ಮೀನುಮರಿ ಬಿಡುವ ಸಮಾರಂಭಗಳು ಆಗಾಗ ನಡೆಯುತ್ತವೆ. ಹಾರ, ಭಾಷಣ, ಚಪ್ಪಾಳೆ ಎಲ್ಲ ಇರುತ್ತದೆ. ನಿಮ್ಮ ಊರಲ್ಲಿ ನಡೆದರೆ ಮರಿಗಳ ಜಾತಿ ಯಾವುದು, ಎಲ್ಲಿಂದ ತಂದದ್ದು, ಆ ನೀರಿನಲ್ಲಿ ಅದು ಮೊದಲಿನಿಂದ ಇತ್ತೇ ಎಂಬುದನ್ನು ಮೀನುಗಾರಿಕೆ ಇಲಾಖೆಯಿಂದ ಬರಹದಲ್ಲಿ ಪಡೆಯಿರಿ. ಉತ್ತರ ಬರುವತನಕ ಮರಿಗಳನ್ನು ನೀರಿಗೆ ಬಿಡದಂತೆ ತಡೆಯಿರಿ.